ಮಾವಿನ ವಾಸನೆಯ ಹೊಗೆ

ಹುಡುಗಿಯರ ಹಾಸ್ಟೆಲ್, ಇಪೋ
13 ಏಪ್ರಿಲ್ 2025

ಪ್ರೀತಿಯ ಮಾಕ್,

ಅಸ್ಸಲಾಮು ಅಲೈಕುಂ. ಸುಖವಾಗಿ ತಲುಪಿದೆ. ಹಬ್ಬ ಮುಗಿಸಿ ಬಂದವರ ಫೋನುಗಳನ್ನೆಲ್ಲ ಅದೇ ದಿನ ಕಬ್ಬಿಣದ ಕಪಾಟಿಗೆ ಹಾಕಿ ಬೀಗ ಜಡಿದರು. ಹಾಸ್ಟೆಲಿನ ಒಂದೇ ಫೋನಿನ ಮುಂದೆ ಯಾವಾಗಲೂ ಸಾಲು. ಹಿಂದೆ ನಿಂತವರಿಗೆಲ್ಲ ನಮ್ಮ ಮಾತು ಕೇಳಿಸುತ್ತದೆ. ಅದಕ್ಕೇ ಕಾಗದ ಬರೆಯುತ್ತಿದ್ದೇನೆ. ನೀನು ನಗಬೇಡ, ಅಮ್ಮಾ.

ನೀನು ಕಟ್ಟಿಕೊಟ್ಟ ರೆಂಡಾಂಗ್ ಮಾಂಸದಲ್ಲಿ ನನ್ನ ಪಾಲಿಗೆ ಉಳಿದದ್ದು ಒಂದು ತುಂಡು ಮತ್ತು ತಳದ ಮಸಾಲೆ. ಈ ಹುಡುಗಿಯರು ಹಸಿದ ಬೆಕ್ಕುಗಳು.

ಶುಕ್ರವಾರ ಮಧ್ಯಾಹ್ನ ಇಲ್ಲಿ ಬೆಂಕಿ ಬಿತ್ತು. ಗಾಬರಿಯಾಗಬೇಡ, ನಮಗೆ ಯಾರಿಗೂ ಏನೂ ಆಗಿಲ್ಲ. ಅಡುಗೆಮನೆಯ ಹಿಂದೆ ಗ್ಯಾಸ್ ಸಿಲಿಂಡರುಗಳ ಪಕ್ಕದಲ್ಲೇ ದೊಡ್ಡ ಕಸದ ಡಬ್ಬ ಇದೆ. ಊಟ ಮುಗಿಸಿ ತಟ್ಟೆ ತೊಳೆಯುತ್ತಿದ್ದೆವು. ಪಟಾಕಿ ಸಿಡಿದಂತೆ ಒಂದು ಸದ್ದು, ಆಮೇಲೆ ಹೊಗೆ. ನೆಲ ಒರೆಸುವ ಮಾಕ್ ಚಿಕ್ ಸಪಿಯಾ (ನಿನಗಿಂತ ದೊಡ್ಡವರು, ನಮಗೆಲ್ಲ ದೊಡ್ಡಮ್ಮನ ಹಾಗೆ, ನಮ್ಮನ್ನೆಲ್ಲ "ಮರಿಗಳಾ" ಅಂತ ಕರೆಯುತ್ತಾರೆ) ಓಡಿ ಹೋಗಿ ಆ ಡಬ್ಬವನ್ನು ಸಿಲಿಂಡರುಗಳಿಂದ ದೂರ ಎಳೆದರು. "ಹಿಂದಕ್ಕೆ ಹೋಗ್ರೇ ಮರಿಗಳಾ, ಹಿಂದಕ್ಕೆ!" ಎಂದು ಕೂಗುತ್ತಲೇ ಇದ್ದರು. ಅಷ್ಟರಲ್ಲಿ ಇನ್ನೊಂದು ಸಿಡಿಯಿತು. ಅವರ ಬಲಗೈ ಸುಟ್ಟಿತು. ಈಗ ಆಸ್ಪತ್ರೆಯಲ್ಲಿದ್ದಾರೆ.

ಬೂದಿಯಲ್ಲಿ ಸಿಕ್ಕಿದ್ದು ಬ್ಯಾಟರಿಯಿಂದ ಸೇದುವ ವೇಪ್‌ಗಳು. ಯಾರೋ ಸೇದಿ, ಕಾಗದದಲ್ಲಿ ಸುತ್ತಿ ಎಸೆದದ್ದು. ಎಲ್ಲರೂ ಪ್ಲಾಸ್ಟಿಕ್ ಸುಟ್ಟ ವಾಸನೆ ಅಂದರು. ನನಗೆ ಮಾತ್ರ ಅದರೊಳಗೆ ನಮ್ಮ ಅಂಗಡಿಯ ಮಾವಿನ ವಾಸನೆ ಬಂತು.

ಇನ್ನೇನು ಬರೆಯಲಿ? ಗಣಿತದ ಪರೀಕ್ಷೆ ಮುಂದೆ ಹೋಗಿದೆ.

ನಿನ್ನ,
ಮೆಲೂರ್

•

ತೆಲುಕ್ ಇಂತಾನ್
20 ಏಪ್ರಿಲ್ 2025

ನನ್ನ ಮಲ್ಲಿಗೆ ಮಗಳೇ,

ಕಾಗದ ಓದಿ ಎದೆ ಢವಢವ ಅಂತು. ನಿನಗೇನೂ ಆಗಲಿಲ್ಲವಲ್ಲ, ಅಲ್ಲಾಹನ ದಯೆ. ಆ ಹೆಂಗಸಿಗೆ ಬೇಗ ಗುಣವಾಗಲಿ.

ನಿನ್ನ ಶಾಲೆಯವರು ಹುಡುಗಿಯರ ಮೇಲೆ ಸ್ವಲ್ಪ ಕಣ್ಣಿಡಬಾರದೇ? ನಾನಂತೂ ಯೂನಿಫಾರ್ಮ್ ಹಾಕಿದವರಿಗೆ ಒಂದು ವೇಪೂ ಕೊಡುವುದಿಲ್ಲ. ಮೊನ್ನೆ ಒಬ್ಬ ಮೀಸೆ ಚಿಗುರದವನು ಬಂದು, "ಕಾಕ್ ಯಾ, ಅಣ್ಣನಿಗೆ" ಅಂದ. "ಅಣ್ಣಂಗೆ ಕಾಲಿಲ್ವಾ? ಅವನನ್ನೇ ಕಳ್ಸು" ಅಂದೆ. ಊರಿಗೆಲ್ಲ ನಾನು ಅಕ್ಕ, ಕಾಕ್ ಯಾ. ಆದರೆ ಕೋಪ ಬಂದರೆ ಅಜ್ಜಿಯಾಗುತ್ತೇನೆಂದು ಅವರಿಗೂ ಗೊತ್ತು.

ಅಂಗಡಿ ಚೆನ್ನಾಗಿ ನಡೆಯುತ್ತಿದೆ. ಲಾರಿಯವರು ಬರುತ್ತಾರೆ, ತಾಳೆಎಣ್ಣೆ ಮಿಲ್ಲಿನವರು ಬರುತ್ತಾರೆ. ಹೊಸದಾಗಿ ಕಲ್ಲಂಗಡಿ ಪರಿಮಳದ್ದು ಬಂದಿದೆ. ನಾನು ಒಂದನ್ನೂ ಬಾಯಿಗಿಟ್ಟವಳಲ್ಲ. ಆದರೂ "ಇದು ಎಳನೀರಿನಷ್ಟು ತಂಪು, ಅದು ಗಂಟಲಿಗೆ ಸ್ವಲ್ಪ ಒರಟು" ಎಂದು ವೈದ್ಯರಂತೆ ಹೇಳುತ್ತೇನೆ. ನಿನ್ನ ಅಪ್ಪ ಇದ್ದಿದ್ದರೆ ನಕ್ಕೂ ನಕ್ಕೂ ಕೆಮ್ಮುತ್ತಿದ್ದರು.

ಹುರಿದ ಇಕಾನ್ ಬಿಲಿಸ್ ಕಳಿಸಿದ್ದೇನೆ. ಮೀನು ಪುಟ್ಟದು, ಹಂಚಿದರೂ ಉಳಿದೀತು.

ನಿನ್ನ,
ಮಾಕ್

ಆ ಹೆಂಗಸಿಗೆ ಮಕ್ಕಳಿದ್ದಾರಾ? ಬರಿ.

•

ಹಾಸ್ಟೆಲ್
4 ಮೇ 2025

ಮಾಕ್,

ಮಾಕ್ ಚಿಕ್ ಸಪಿಯಾಗೆ ಒಬ್ಬ ಮಗ. ಗಂಡ ಇಲ್ಲ. ಆಸ್ಪತ್ರೆಯಿಂದ ಮನೆಗೆ ಬಂದಿದ್ದಾರೆ. ತೊಡೆಯ ಚರ್ಮ ತೆಗೆದು ಅಂಗೈಗೆ ಹಾಕಿದ್ದಾರಂತೆ. ಬೆರಳು ಪೂರ್ತಿ ಮಡಚಲು ಬರುವುದಿಲ್ಲ. ಅವರ ಬದಲಿಗೆ ಬಂದವರು ನಮ್ಮ ಕಡೆ ನೋಡುವುದೂ ಇಲ್ಲ.

ವಾರ್ಡನ್ ಆಗಿರುವ ಟೀಚರು, ಚೇಗು ಹನೀಜಾ, ಎಲ್ಲ ಕೋಣೆ ಹುಡುಕಿಸಿದರು. ಹುಡುಕುತ್ತಾರೆಂದು ಗೊತ್ತಾದ ಕೂಡಲೇ ನೋಡಬೇಕಿತ್ತು! ಕೆಲವರು ವೇಪ್‌ಗಳನ್ನು ಕಕ್ಕಸಿಗೆ ಹಾಕಿ ನೀರು ಬಿಟ್ಟರು. ಅದು ಕಟ್ಟಿಕೊಂಡು ಇಡೀ ಮಹಡಿ ನಾರಿತು. ಕೆಲವರು ಹೂಕುಂಡದಲ್ಲಿ ಹೂತರು, ಕೆಲವರು ಚರಂಡಿಗೆ ಎಸೆದರು. ನಾಳೆ ಮಳೆ ಬಂದರೆ ಆ ಚರಂಡಿ ಹೊಳೆಗೆ ಹೋಗುತ್ತದೆ. ಹೆದರಿಸಿದಷ್ಟೂ ಅವು ಎಲ್ಲೆಲ್ಲೋ ಸೇರಿಕೊಂಡವು.

ನನ್ನ ಪಕ್ಕದ ಮಂಚದ ದಾಲಿಯಾ ಬೆಂಕಿ ಬಿದ್ದಂದಿನಿಂದ ಸರಿಯಾಗಿ ತಿನ್ನುತ್ತಿಲ್ಲ. ಎಲ್ಲರನ್ನೂ ನಗಿಸುವವಳು ಈಗ ಬಟ್ಟೆ ಮಡಿಸುತ್ತಾ ಕೂರುತ್ತಾಳೆ. ಮಡಿಸಿದ್ದನ್ನೇ ಬಿಚ್ಚಿ ಮತ್ತೆ ಮಡಿಸುತ್ತಾಳೆ. ನಿನ್ನೆ ಮೆಲ್ಲಗೆ ಕೇಳಿದಳು: "ಮೆಲೂರ್, ಅದನ್ನ ಕಸಕ್ಕೂ ಹಾಕಬಾರ್ದು, ನೀರಿಗೂ ಹಾಕಬಾರ್ದು ಅಂದ್ರೆ ಇನ್ನೆಲ್ಲಿ ಹಾಕ್ಬೇಕೇ?"

ನನಗೆ ಗೊತ್ತಿರಲಿಲ್ಲ. ಅಂಗಡಿಯಲ್ಲೇ ಬೆಳೆದವಳಾದರೂ ಗೊತ್ತಿರಲಿಲ್ಲ.

ಮಾಕ್, ನಮ್ಮ ಅಂಗಡಿಯಲ್ಲಿ ಕೆಟ್ಟು ವಾಪಸು ಬಂದವನ್ನು ನೀನು ಏನು ಮಾಡುತ್ತೀಯ?

ಮೆಲೂರ್

•

ತೆಲುಕ್ ಇಂತಾನ್
25 ಮೇ 2025

ಮೆಲೂರ್,

ಉತ್ತರ ತಡವಾಯಿತು. ಕೆಲಸ ಇತ್ತು ಎಂದು ಬರೆಯೋಣವೆಂದುಕೊಂಡೆ. ಕೆಲಸ ಇರಲಿಲ್ಲ. ನಿಜ ಬರೆಯಲು ನಾಚಿಕೆಯಾಯಿತು.

ಅಂಗಡಿಯ ಹಿಂದಿನ ಪುರಸಭೆಯ ಡಬ್ಬಕ್ಕೆ ಹಾಕುತ್ತಿದ್ದೆ. ಮೀನಿನ ತಲೆ, ಡುರಿಯನ್ ಸಿಪ್ಪೆ, ಅದರ ಮೇಲೆ ಇದು. ಕಸದ ಲಾರಿಯ ಹುಡುಗರು ಬಂದು ಒತ್ತಿ ತುಂಬಿಕೊಂಡು ಹೋಗುತ್ತಿದ್ದರು. ನಿನ್ನ ಕಾಗದ ಬಂದ ಮೇಲೆ ಅವರು ಒತ್ತುವಾಗಲೆಲ್ಲ ನಾನು ಕಣ್ಣು ಮುಚ್ಚುತ್ತಿದ್ದೆ.

ಆಮೇಲೆ ಕೇಳಲು ಹೊರಟೆ. ಮಾಲು ತಂದುಕೊಡುವವನು, "ಕಾಕ್ ಯಾ, ಮಾರೋದು ನಮ್ ಕೆಲ್ಸ, ಹೂಳೋದು ನಮ್ ಕೆಲ್ಸ ಅಲ್ಲ" ಎಂದು ಹಲ್ಲು ಕಿರಿದ. ಪುರಸಭೆಯವರು ಆ ಕಿಟಕಿಯಿಂದ ಈ ಕಿಟಕಿಗೆ ಕಳಿಸಿದರು. ಕೊನೆಗೆ ಗುಜರಿಯ ಅಂಕಲ್ ಲಿಯೋಂಗ್ ಬಳಿ ಚೀಲ ಹಿಡಿದು ಹೋದೆ. ದೂರದಿಂದಲೇ ಎರಡೂ ಕೈ ಎತ್ತಿದರು.

"ಅಯ್ಯೋ, ಅದನ್ನ ಮಾತ್ರ ಒಳಗೆ ತರ್ಬೇಡಮ್ಮಾ! ಹೋದ ವರ್ಷ ಇಂಥದ್ದೇ ಒಂದು ನನ್ನ ರದ್ದಿ ರಾಶಿನೆಲ್ಲಾ ಬೂದಿ ಮಾಡ್ತು."

"ಮತ್ತೆ ನಾನೇನು ಮಾಡ್ಲಿ ಅಂಕಲ್? ತಲೆ ಮೇಲೆ ಹೊತ್ಕೊಂಡು ಓಡಾಡ್ಲಾ?"

ನಕ್ಕರು. ಕುರ್ಚಿ ಹಾಕಿ ಕೂರಿಸಿ ಹೇಳಿದರು. ಖಾಲಿಯಾದರೂ ಅದರೊಳಗಿನ ಬ್ಯಾಟರಿಯಲ್ಲಿ ಜೀವ ಉಳಿದಿರುತ್ತದೆ. ಒಡೆಯಬಾರದು, ಜಜ್ಜಬಾರದು, ಬಿಸಿಲಲ್ಲಿಡಬಾರದು. ಒಳಗೆ ಉಳಿದ ರಸವೂ ವಿಷವೇ, ಮಕ್ಕಳ ಕೈಗೆ ಸಿಗಬಾರದು. ಅದರ ಸೇದುವ ಬಾಯಿಗೆ ಟೇಪು ಸುತ್ತಿ, ತಗಡಿನ ಡಬ್ಬಿಯಲ್ಲಿ ಒಣಮರಳಿನ ನಡುವೆ ಇಡಬೇಕು. ಡಬ್ಬಿ ತುಂಬುವ ಮೊದಲೇ ಸಾಗಿಸಬೇಕು. ಹಳೆಯ ಟಿವಿ, ಬ್ಯಾಟರಿಗಳನ್ನು ಸರಿಯಾಗಿ ಬಿಚ್ಚುವ ಕಾರ್ಖಾನೆಯೊಂದು ಇಪೋ ಕಡೆ ಇದೆಯಂತೆ. ಅವರು ತೆಗೆದುಕೊಳ್ಳುತ್ತಾರೆ, ಆದರೆ ನಾವೇ ಒಯ್ಯಬೇಕು.

ಈಗ ಅಂಗಡಿಯ ಬಾಗಿಲಲ್ಲಿ ಬಿಸ್ಕತ್ತಿನ ದೊಡ್ಡ ತಗಡಿನ ಡಬ್ಬಿ ಇಟ್ಟಿದ್ದೇನೆ. "ಸತ್ತದ್ದನ್ನು ತನ್ನಿ, ತೆ ತಾರಿಕ್ ಕುಡಿಯಿರಿ" ಎಂದು ಬರೆದು ಅಂಟಿಸಿದೆ. ಪಕ್ಕದ ಚಹಾ ಅಂಗಡಿಯವನೊಂದಿಗೆ ಮಾತಾಡಿಕೊಂಡಿದ್ದೇನೆ. ಮೊದಲ ದಿನ ಲಾರಿಯವನೊಬ್ಬ ಬಗ್ಗಿ ನೋಡಿ, "ಏನ್ ಕಾಕ್ ಯಾ, ಅಂಗಡಿ ಬಾಗ್ಲಲ್ಲೇ ಗೋರಿ ತೆಗ್ದಿದೀರಾ?" ಅಂದ. "ಹೌದು, ನಿನಗೂ ಜಾಗ ಇಟ್ಟಿದೀನಿ, ಹೀಗೇ ಸೇದ್ತಾ ಇರು" ಅಂದೆ. ಮರುದಿನ ಸೀಟಿನ ಕೆಳಗಿದ್ದುದನ್ನೆಲ್ಲ ಚೀಲದಲ್ಲಿ ತಂದು ಸುರಿದ. ಮಾಡಿದ್ದು ಒಂದೇ ಪುಣ್ಯ, ಕುಡಿದದ್ದು ಎರಡು ಚಹಾ.

ರಜೆ ಶುರುವಾಗುತ್ತದಲ್ಲ, ಯಾವ ಬಸ್ಸಿಗೆ ಬರುತ್ತೀಯ? ನಿನ್ನ ಹಾಸಿಗೆ ಬಿಸಿಲಿಗೆ ಹಾಕಿದ್ದೇನೆ.

ಮಾಕ್

•

ಇಪೋ
30 ಮೇ 2025

ಮಾಕ್,

ಈ ರಜೆಗೆ ಬರುವುದಿಲ್ಲ. ಮಾಕ್ ಙಾ ಮನೆಯಲ್ಲೇ ಇದ್ದೇನೆ. ಚಿಕ್ಕಮ್ಮನ ಮನೆ ಗ್ರಂಥಾಲಯಕ್ಕೆ ಹತ್ತಿರ, ಓದುವುದು ತುಂಬಾ ಇದೆ. ಹಾಸಿಗೆ ಒಳಗಿಟ್ಟುಬಿಡು.

ಡಬ್ಬಿ ಇಟ್ಟದ್ದು ಒಳ್ಳೆಯದಾಯಿತು.

ಮೆಲೂರ್

•

ತೆಲುಕ್ ಇಂತಾನ್
22 ಜೂನ್ 2025

ನನ್ನ ಮಗಳೇ,

ನಿನಗೆ ಹೇಳದೆ ಒಂದು ಕೆಲಸ ಮಾಡಿದೆ. ಹೋದ ಬುಧವಾರ ಡಬ್ಬಿಯನ್ನು ಮಡಿಲಲ್ಲಿಟ್ಟುಕೊಂಡು ಇಪೋಗೆ ಬಂದೆ. ಬಸ್ಸಿನಲ್ಲಿ ಪಕ್ಕದವಳು, "ಬಿಸ್ಕತ್ತಾ?" ಅಂದಳು. "ಅಲ್ಲ, ನಮ್ಮೂರ ಗಂಡಸರ ಕೆಟ್ಟ ಚಾಳಿ" ಅಂದೆ. ಎದ್ದು ಹೋಗಿ ಬೇರೆ ಸೀಟಿನಲ್ಲಿ ಕೂತಳು. ಕಾರ್ಖಾನೆಯವರು ಮರ್ಯಾದೆಯಿಂದಲೇ ತೆಗೆದುಕೊಂಡರು.

ಅಲ್ಲಿಂದ ಮಾಕ್ ಚಿಕ್ ಸಪಿಯಾರ ಮನೆಗೆ ಹೋದೆ. ಶಾಲೆಯ ಹಿಂದಿನ ಹಳ್ಳಿಯಲ್ಲಿ ವಿಚಾರಿಸಿದರೆ ಮಕ್ಕಳೇ ದಾರಿ ತೋರಿಸಿದರು. ಗುಲೈ ಸಾರು ಮತ್ತು ಅನ್ನ ಒಯ್ದಿದ್ದೆ. ಕಂಬಗಳ ಮೇಲೆ ನಿಂತ ಮರದ ಮನೆ. ಮೆಟ್ಟಿಲ ಮೇಲೆ ಕೂತು ಎಡಗೈಯಿಂದ ಬೆಳ್ಳುಳ್ಳಿ ಸುಲಿಯಲು ಕಷ್ಟಪಡುತ್ತಿದ್ದರು. ಯಾರು, ಏನು ಎಂದು ಕೇಳುವ ಮೊದಲೇ "ಬನ್ನಿ, ಊಟ ಆಯ್ತಾ?" ಅಂದರು. ನಾನು ಕೂತು ಬೆಳ್ಳುಳ್ಳಿ ಸುಲಿದುಕೊಟ್ಟೆ. ನಿನ್ನ ಹೆಸರು ಹೇಳಿದ್ದಕ್ಕೆ, "ಓ, ಓದ್ತಾ ಓದ್ತಾ ನಡ್ಯೋ ಮರಿ! ಒದ್ದೆ ನೆಲದ ಮೇಲೆ ಕಾಲಿಡ್ಬೇಡ ಅಂದ್ರೂ ಕೇಳಲ್ಲ" ಎಂದು ನಕ್ಕರು.

ಆಮೇಲೆ ಕೇಳಿದರು. "ನೀವೇನು ಕೆಲಸ ಮಾಡ್ತೀರಮ್ಮಾ?"

ನನ್ನ ಕೈ ನಿಂತಿತು. ಫೋನ್ ಕವರು ಮಾರ್ತೀನಿ ಎನ್ನಬಹುದಿತ್ತು, ಒಂದು ಕಾಲಕ್ಕೆ ಅದೂ ನಿಜವೇ. "ನಿಮ್ಮ ಕೈ ಸುಟ್ಟಿದ್ದು ಯಾವ್ದೋ, ಅದನ್ನೇ ಮಾರ್ತೀನಿ" ಅಂದೆ.

ಅವರು ಸುಲಿದ ಬೆಳ್ಳುಳ್ಳಿಯನ್ನು ಎಡಗೈಯಿಂದ ಒಂದೊಂದಾಗಿ ಬಟ್ಟಲಿಗೆ ಹಾಕಿದರು. ಕೋಳಿಯೊಂದು ಮೆಟ್ಟಿಲ ಕೆಳಗೆ ಕೆದಕುತ್ತಿತ್ತು. ನಾನು ಎದ್ದು ಹೋಗಲೇ ಎಂದುಕೊಂಡೆ. ಆಗ ಅವರು, "ನನ್ ಮಗನೂ ಸೇದ್ತಾನೆ. ಮನೆಯೆಲ್ಲಾ ಜಾಮ್ ವಾಸ್ನೆ. ಸೇದಿ ಸೇದಿ ಮನೆ ಕೆಳಗೆ ಎಸೀತಾನೆ. ನಂಗೆ ಈಗ ಅದನ್ನ ಮುಟ್ಟೋಕೆ ಭಯ. ತಗೊಂಡು ಹೋಗ್ತೀರಾ?" ಅಂದರು.

ಕೋಳಿಗಳನ್ನು ಓಡಿಸಿ, ಕಂಬಗಳ ನಡುವೆ ಬಗ್ಗಿ ಒಂದೊಂದನ್ನೇ ಆರಿಸಿದೆ. ಅವರು ಮೇಲೆ ನಿಂತು, "ಅಲ್ಲೊಂದು, ಆ ತೆಂಗಿನ ಚಿಪ್ಪಿನ ಪಕ್ಕ" ಎಂದು ತೋರಿಸುತ್ತಿದ್ದರು. ಮೈಯೆಲ್ಲ ಮಣ್ಣಾಗಿ ಮೇಲೆ ಬಂದೆ. ಅವರೇ ಎಡಗೈಯಿಂದ ನೀರು ಹೊಯ್ದರು, ನಾನು ಕೈ ತೊಳೆದುಕೊಂಡೆ. ಇಬ್ಬರೂ ಒಟ್ಟಿಗೆ ಉಂಡೆವು.

ವಾಪಸಾಗುವಾಗ ನಿನ್ನ ಶಾಲೆಯ ಗೇಟಿನವರೆಗೂ ಬಂದೆ. ಮೈದಾನದಲ್ಲಿ ಹುಡುಗಿಯರು ಆಡುತ್ತಿದ್ದರು. ನೀನು ಇದ್ದೆಯೋ ಇಲ್ಲವೋ, ದೂರದಿಂದ ಎಲ್ಲರ ತಲೆಗವಸೂ ಒಂದೇ ಬಣ್ಣ. ಒಳಗೆ ಬರಲಿಲ್ಲ. ಮೈಯೆಲ್ಲ ಮಣ್ಣಾಗಿತ್ತು. ನಿನ್ನ ಗೆಳತಿಯರು ಯಾರಾದರೂ "ಇವರ್ಯಾರು, ಏನು ಮಾಡ್ತಾರೆ?" ಎಂದು ಕೇಳಿದರೆ ನಿನಗೇಕೆ ತೊಂದರೆ ಎಂದುಕೊಂಡೆ.

ಚೆನ್ನಾಗಿ ಓದು.

ಮಾಕ್

•

ಹಾಸ್ಟೆಲ್
6 ಜುಲೈ 2025

ಮಾಕ್, ನನ್ನ ಮಾಕ್,

ಆ ಬುಧವಾರ ನಾನು ಮೈದಾನದಲ್ಲೇ ಇದ್ದೆ. ಕೆಂಪು ಪಟ್ಟಿ ಕಟ್ಟಿಕೊಂಡು ನೆಟ್‌ಬಾಲ್ ಆಡುತ್ತಿದ್ದೆ. ನೀನು ಗೇಟಿನ ಹೊರಗೆ ನಿಂತಿದ್ದೆ, ನಾನು ಚೆಂಡಿನ ಹಿಂದೆ ಓಡುತ್ತಿದ್ದೆ. ಇನ್ನು ಮುಂದೆ ಹೊರಗೆ ನಿಂತು ಹೋದರೆ ನಾನು ನಿನ್ನೊಡನೆ ಮಾತಾಡುವುದಿಲ್ಲ. ಮಣ್ಣಾಗಿದ್ದರೂ ಸರಿ, ಒಳಗೆ ಬಾ.

ಮಾಕ್ ಚಿಕ್ ಸಪಿಯಾ ಮತ್ತೆ ಕೆಲಸಕ್ಕೆ ಬಂದಿದ್ದಾರೆ. ಹಗುರದ ಕೆಲಸ ಮಾತ್ರ. ಬಂದವರೇ ನನ್ನನ್ನು ಕರೆದು, "ನಿನ್ನಮ್ಮನ ಗುಲೈಗೆ ಉಪ್ಪು ಸ್ವಲ್ಪ ಜಾಸ್ತಿ, ಮನಸ್ಸು ಮಾತ್ರ ಸರಿಯಾಗಿದೆ" ಅಂದರು. ಪಕ್ಕದಲ್ಲಿ ನಿಂತಿದ್ದ ಹುಡುಗಿಯರು "ಯಾಕೆ, ಏನಾಯ್ತು?" ಎಂದರು. ನಾನು ಎಲ್ಲ ಹೇಳಿದೆ. ನನ್ನ ಅಮ್ಮನದು ವೇಪ್ ಅಂಗಡಿ ಎಂದೂ ಹೇಳಿದೆ. ಆಕಾಶ ಕೆಳಗೆ ಬೀಳಲಿಲ್ಲ. ಒಬ್ಬಳು, "ಅಂದ್ರೆ ನಿಮ್ಮನೇಲಿ ಯಾವಾಗ್ಲೂ ಹಣ್ಣಿನ ವಾಸ್ನೆ ಬರ್ತದಾ?" ಅಂದಳು, ಅಷ್ಟೇ.

ಈ ವಾರ ಚೇಗು ಹನೀಜಾ ಎಲ್ಲರನ್ನೂ ಸೇರಿಸಿ, "ಹುಡುಕಿ ಹುಡುಕಿ ನನಗೆ ಸಾಕಾಗಿದೆ. ಇನ್ನೊಂದು ಕೈ ಸುಡೋದು ಬೇಡ. ಏನು ಮಾಡೋಣ ಹೇಳಿ" ಅಂದರು. ನಾನು ಎದ್ದು ನಿಂತು, "ನನ್ನ ಅಮ್ಮನಿಗೆ ಗೊತ್ತು, ಚೇಗು" ಅಂದೆ.

ಅವರು ನಿನ್ನನ್ನು ಕರೆಯುತ್ತಾರೆ. ಬರಲೇಬೇಕು.

ನಿನ್ನ,
ಮೆಲೂರ್

•

ತೆಲುಕ್ ಇಂತಾನ್
3 ಆಗಸ್ಟ್ 2025

ಮೆಲೂರ್,

ನಿನ್ನ ಚೇಗು ಫೋನ್ ಮಾಡಿದ್ದರು. ಎಷ್ಟು ಮೃದುವಾಗಿ ಮಾತಾಡುತ್ತಾರೆ! ನಾನು "ಆಗಲಿ, ಆಗಲಿ" ಎಂದು ಇಟ್ಟೆ. ಒಂದು ಕೈಯಲ್ಲಿ ಮಾರುತ್ತಾ ಇನ್ನೊಂದು ಕೈಯಲ್ಲಿ ಮೈಕು ಹಿಡಿಯುವುದು ಹೇಗೆ?

ಡಬ್ಬಿ ಇಟ್ಟರೆ ಸಾಲದು ಎಂದು ನನಗೂ ಕಾಣುತ್ತಿತ್ತು. ಒಂದು ಡಬ್ಬಿ ಇಪೋಗೆ ಒಯ್ಯುವಷ್ಟರಲ್ಲಿ ಇನ್ನೊಂದು ಡಬ್ಬಿಗೆ ಆಗುವಷ್ಟು ನಾನೇ ಮಾರಿರುತ್ತೇನೆ. ಸೋರುವ ದೋಣಿಯಲ್ಲಿ ಕೂತು ಚಮಚದಿಂದ ನೀರು ಹೊರಗೆ ಹಾಕಿದಂತೆ. ಅದಕ್ಕೇ ಸೇದಿ ಬಿಸಾಡುವ ಜಾತಿಯದನ್ನು ನಿಲ್ಲಿಸಿದೆ. ಮಾಲಿನವನು, "ಕಾಕ್ ಯಾ, ಅಂಗಡಿಗೆ ಬೀಗ ಹಾಕೋ ಯೋಚ್ನೆನಾ?" ಅಂದ. "ನಿನ್ನ ಬಾಯಿಗೆ ಹಾಕೋ ಯೋಚ್ನೆ" ಅಂದೆ.

ಪೂರ್ತಿ ಒಳ್ಳೆಯವಳಾಗಿಬಿಟ್ಟೆ ಎಂದುಕೊಳ್ಳಬೇಡ. ಬಿಡಲು ಆಗದ ದೊಡ್ಡವರಿಗೆ ಮತ್ತೆ ಮತ್ತೆ ತುಂಬಿ, ಚಾರ್ಜ್ ಮಾಡಿ ಬಳಸುವಂಥದ್ದು ಇನ್ನೂ ಮಾರುತ್ತೇನೆ. ಬಿಡಬೇಕೆನ್ನುವವರಿಗೆ ಸರ್ಕಾರಿ ಕ್ಲಿನಿಕ್ಕಿನ ದಾರಿ ಹೇಳುತ್ತೇನೆ. ಗೋರಿಯ ಮಾತಾಡಿದ ಆ ಲಾರಿಯವನು ಹೋಗಿ ಬಂದ. ಈಗ ಲವಂಗ ಅಗಿಯುತ್ತಾ ಎಲ್ಲರ ಮೇಲೂ ಸಿಡುಕುತ್ತಾನೆ, ಪಾಪ.

ವ್ಯಾಪಾರ ಇಳಿದಿದೆ. ಗಾಜಿನ ಕಪಾಟಿನ ಅರ್ಧ ಖಾಲಿ. ಫೋನ್ ಕವರುಗಳನ್ನು ಮತ್ತೆ ತೂಗುಹಾಕಿದ್ದೇನೆ. ಬೆಳಿಗ್ಗೆ ಚಹಾ ಅಂಗಡಿಯವನಿಗೆ ನಾಸಿ ಲೆಮಾಕ್ ಅನ್ನದ ಪೊಟ್ಟಣ ಕಟ್ಟಿಕೊಡುತ್ತೇನೆ. ಕೈಗೆ ಸಂಬಾಲ್ ಚಟ್ನಿಯ ವಾಸನೆ ಬಂದಿದೆ. ಹಳೆಯ ವಾಸನೆಗಿಂತ ಇದೇ ವಾಸಿ. ಕೆಲವೊಮ್ಮೆ ಸಂಜೆ ಅಂಗಡಿಯಲ್ಲಿ ಒಬ್ಬಳೇ ಕೂತಾಗ, ತಪ್ಪು ಮಾಡಿದೆನಾ ಎಂದು ಭಯವಾಗುತ್ತದೆ. ಯಾರಿಗೂ ಹೇಳಿಲ್ಲ. ನಿನಗೆ ಮಾತ್ರ.

ಬರುತ್ತೇನೆ. ನೀಲಿ ಬಾಜು ಕುರುಂಗ್ ಇಸ್ತ್ರಿಗೆ ಕೊಟ್ಟಿದ್ದೇನೆ.

ಮಾಕ್

•

ಹಾಸ್ಟೆಲ್
7 ಸೆಪ್ಟೆಂಬರ್ 2025

ನನ್ನ ಪ್ರೀತಿಯ ಮಾಕ್,

ನೀನು ಬಸ್ಸು ತಪ್ಪುತ್ತದೆಂದು ಓಡಿಹೋದೆ. ಹೇಳಬೇಕಾದದ್ದೆಲ್ಲ ನನ್ನಲ್ಲೇ ಉಳಿಯಿತು.

ನೀನು ನಮ್ಮೆಲ್ಲರ ಮುಂದೆ ಮೈಕನ್ನು ಎರಡೂ ಕೈಯಲ್ಲಿ ಹಿಡಿದೆ. "ನಾನು ಇದನ್ನ ಮಾರೋಳು, ಬೈಯೋ ಯೋಗ್ಯತೆ ನನಗಿಲ್ಲ. ಬೈಯೋಕೆ ಬಂದಿಲ್ಲ, ತಗೊಂಡು ಹೋಗೋಕೆ ಬಂದಿದೀನಿ" ಎಂದು ನೀನು ಹೇಳಿದಾಗ ಹಿಂದಿನ ಸಾಲಿನವರು ನಗುವುದನ್ನು ನಿಲ್ಲಿಸಿದರು. ಅದು ನಿನಗೆ ಕಂಡಿರಲಿಕ್ಕಿಲ್ಲ. ನನಗೆ ಕಂಡಿತು.

ಡಬ್ಬಿಯನ್ನು ಬಟ್ಟೆ ಒಗೆಯುವ ಕೋಣೆಯಲ್ಲಿ ಇಟ್ಟಿದ್ದೇವೆ. ಚೇಗು ಹೆಸರು ಕೇಳುವುದಿಲ್ಲ ಎಂದಿದ್ದಾರೆ, ಹಾಗೇ ನಡೆದುಕೊಂಡಿದ್ದಾರೆ. ಮೊದಮೊದಲು ಯಾರೂ ಹತ್ತಿರ ಸುಳಿಯಲಿಲ್ಲ. ಆಮೇಲೆ ಬಕೆಟ್ಟಿನ ಕೆಳಗೆ ಮುಚ್ಚಿಕೊಂಡು, ಟವೆಲಿನಲ್ಲಿ ಸುತ್ತಿಕೊಂಡು ಒಂದೊಂದಾಗಿ ಬಂದವು. ಹೂಕುಂಡದಲ್ಲಿ ಹೂತವನ್ನೂ ಯಾರೋ ಅಗೆದು ತಂದರು, ಬೇರಿನ ಸಮೇತ. ಮರಳು ಬದಲಿಸಬೇಕಾಯಿತು. ಚೇಗು ಅದನ್ನು ತಾವೇ ಕಾರಿನಲ್ಲಿ ಕಾರ್ಖಾನೆಗೆ ಒಯ್ದರು.

ಈಗ ಹೇಳಲೇಬೇಕಾದ ಒಂದು ಮಾತು.

ನೀನು ಹೋದ ಮರುದಿನ ಮಧ್ಯಾಹ್ನ ಮಾಕ್ ಚಿಕ್ ಸಪಿಯಾ ನೆಲ ಒರೆಸುತ್ತಿದ್ದರು. ಬಟ್ಟೆ ಹಿಂಡಲು ಅವರ ಬಲಗೈ ಬಾಗುವುದಿಲ್ಲ. ಎಡಗೈಯಿಂದ ಒತ್ತಿ, ಮೊಣಕಾಲಿನಿಂದ ಒತ್ತಿ ಏನೇನೋ ಮಾಡುತ್ತಿದ್ದರು. ದಾಲಿಯಾ ಹೋಗಿ ಪಕ್ಕದಲ್ಲಿ ಕುಳಿತು, ಅವರ ಕೈಯಿಂದ ಬಟ್ಟೆ ತೆಗೆದುಕೊಂಡು ಹಿಂಡಿಕೊಟ್ಟಳು. ಮತ್ತೆ ಅದ್ದಿದರು, ಮತ್ತೆ ಹಿಂಡಿದಳು. ಇಡೀ ಪಡಸಾಲೆ ಮುಗಿಯುವವರೆಗೂ ಅವಳು ತಲೆ ಎತ್ತಲಿಲ್ಲ. ಕೊನೆಗೆ ಅಳತೊಡಗಿದಳು. ಬಕೆಟ್ಟಿನೊಳಗೆ ಮುಖ ಬೀಳುತ್ತದೇನೋ ಎನ್ನುವಷ್ಟು ಬಗ್ಗಿ ಅತ್ತಳು. ನಾನು ಮೆಟ್ಟಿಲ ಮೇಲೆ ನಿಂತಿದ್ದೆ, ಕೆಳಗಿಳಿಯಲು ಆಗಲಿಲ್ಲ.

ಮಾಕ್ ಚಿಕ್ ಯಾಕೆ ಎಂದು ಕೇಳಲಿಲ್ಲ. ಆ ಬಾಗದ ಕೈಯನ್ನು ಅವಳ ತಲೆಯ ಮೇಲಿಟ್ಟು, "ಮರೀ, ಆ ಮೂಲೆ ಬಾಕಿ ಇದೆ, ಬಾ" ಅಂದರು. ಇಬ್ಬರೂ ಮೂಲೆಗೆ ಹೋದರು.

ಅಂದಿನಿಂದ ದಿನಾ ಮಧ್ಯಾಹ್ನ ಅವಳು ಹೋಗುತ್ತಾಳೆ. ಆ ಡಬ್ಬದಲ್ಲಿ ಸಿಡಿದದ್ದು ಯಾರದ್ದೆಂದು ಹುಡುಗಿಯರಿಗೂ ಹೊಳೆದಿರಬಹುದು. ಯಾರೂ ಬಾಯಿ ಬಿಟ್ಟಿಲ್ಲ. ನಾನೂ ನಿನ್ನೊಬ್ಬಳಿಗೇ ಬರೆಯುತ್ತಿದ್ದೇನೆ, ಈ ಕಾಗದ ಓದಿ ಹರಿದುಬಿಡು.

ಶುಕ್ರವಾರ ರಜೆ ಶುರು. ಮಧ್ಯಾಹ್ನದ ಬಸ್ಸಿಗೆ ಮನೆಗೆ ಬರುತ್ತಿದ್ದೇನೆ. ದಾಲಿಯಾಳ ತಂದೆ ತಾಯಿ ಬೇರೆಬೇರೆಯಾಗಿ ಬೇರೆ ಊರುಗಳಲ್ಲಿದ್ದಾರೆ, ಇಬ್ಬರೂ "ಈ ಸಲ ಅವರ ಹತ್ರ ಹೋಗು" ಎಂದು ಫೋನಿನಲ್ಲಿ ಹೇಳಿದರಂತೆ. ಅವಳು ಹಾಸ್ಟೆಲಿನಲ್ಲೇ ಉಳಿಯುತ್ತೇನೆಂದು ಹೆಸರು ಬರೆಸಿಬಿಟ್ಟಿದ್ದಳು. ನಾನು ಹೋಗಿ ಅಳಿಸಿ ಬಂದೆ.

ನನ್ನ ಜೊತೆ ಕರೆತರುತ್ತಿದ್ದೇನೆ, ಮಾಕ್. ಹಿತ್ತಿಲ ಕೋಣೆಯ ಫ್ಯಾನು ಸದ್ದು ಮಾಡುತ್ತದಲ್ಲ, ನನ್ನ ಕೋಣೆಯಲ್ಲೇ ಇನ್ನೊಂದು ಹಾಸಿಗೆ ಹಾಕು. ಅವಳು ಮಾತಾಡಿದರೆ ಕೇಳು. ಮಾತಾಡದಿದ್ದರೆ ನೀನೂ ಏನೂ ಕೇಳಬೇಡ. ಸುಮ್ಮನೆ ಸಂಬಾಲ್ ಅರೆಯಲು ಪಕ್ಕದಲ್ಲಿ ಕೂರಿಸಿಕೋ.

ನಿನ್ನ ಮಗಳು,
ಮೆಲೂರ್